ಕೀಲೆಣ್ಣೆಯ ಮಾತು

(ಬಾನುಲಿ ಭಾಷಣ)

ಎಣ್ಣೆ ಎಂದೊಡನೆ ನಮ್ಮ ಮನಸ್ಸಿಗೆ ಬರುವುದು ದೀಪದ ಎಣ್ಣೆ, ಒಗ್ಗರಣೆಯ ಎಣ್ಣೆ, ತಲೆಗೆ ಹಚ್ಚುವ ಎಣ್ಣೆ. ಈ ಮೂರೂ ಕಣ್ಣಿಗೆ ಕಾಣುವಂಥವು. ತೀರುತ್ತ ಬಂದಾಗ ತಾವಾಗಿಯೇ ತಿಳಿಸುವಂಥವು. ಎಣ್ಣೆ ತೀರಿದ ಬತ್ತಿ ಕರಕಾಗುತ್ತದೆ, ಎಣ್ಣೆ ಕಾಣದ ತಲೆ ಒರಟಾಗುತ್ತದೆ, ಒಗ್ಗರಣೆಗೆ ಎಣ್ಣೆಯಿಲ್ಲವೆಂಬ ಸುದ್ದಿ ಅಡುಗೆಮನೆಯಿಂದ ಜಗಲಿಯವರೆಗೆ ಕೇಳಿಸುತ್ತದೆ. ನಾನಿಂದು ಹೇಳಹೊರಟಿರುವುದು ಈ ಮೂರರಲ್ಲಿ ಸೇರದ ನಾಲ್ಕನೆಯ ಎಣ್ಣೆಯ ವಿಷಯ. ಅದು ಕಬ್ಬಿಣದ ಪೆಟ್ಟಿಗೆಯೊಳಗೆ ಮುಚ್ಚಿಹೋಗಿರುತ್ತದೆ. ಕಡಿಮೆಯಾದರೂ ಕೆಟ್ಟರೂ ಬಹುಕಾಲ ಏನೂ ಹೇಳುವುದಿಲ್ಲ. ಹೇಳತೊಡಗಿದ ದಿನ ಹೇಳಿ ಪ್ರಯೋಜನವಿಲ್ಲದಷ್ಟು ಹೊತ್ತಾಗಿರುತ್ತದೆ. ಚಿಕ್ಕ ಟ್ರ್ಯಾಕ್ಟರಿನ, ಟಿಲ್ಲರಿನ ಗೇರುಪೆಟ್ಟಿಗೆಯಲ್ಲಿರುವ ಎಣ್ಣೆ ಅದು. ಇದು ರೈತರಿಗೆ ಹೇಳಬೇಕಾದ ಮಾತು, ನಮಗೇಕೆ ಎಂದು ಪಟ್ಟಣದ ಕೇಳುಗರು ರೇಡಿಯೋದ ಕಿವಿ ತಿರುಗಿಸಬಾರದೆಂದು ಮೊದಲೇ ಬಿನ್ನಹ. ನಮಗೇಕೆ ಎಂಬ ಪ್ರಶ್ನೆಗೆ ಉತ್ತರ ಕೊನೆಯಲ್ಲಿ ಉಂಟು.

ಕನ್ನಡದಲ್ಲಿ ಇದಕ್ಕೊಂದು ಹಳೆಯ, ಚೆಲುವಾದ ಹೆಸರಿದೆ: ಕೀಲೆಣ್ಣೆ. ಗಾಡಿಯ ಅಚ್ಚಿಗೆ ಹಾಕುತ್ತಿದ್ದ ಎಣ್ಣೆಗೆ ಹಾಗೆನ್ನುತ್ತಿದ್ದರು. ಹರಳೆಣ್ಣೆಯಲ್ಲಿ ಸುಟ್ಟ ಹುಲ್ಲಿನ ಕರಿಯನ್ನು ಕಲಸಿ, ಚಿಂದಿಯಲ್ಲಿ ಅದ್ದಿ, ಗುಂಭದೊಳಕ್ಕೆ ಸವರುವುದು ಗಾಡಿಯವನ ನಿತ್ಯದ ಕೆಲಸವಾಗಿತ್ತು. ನಮ್ಮ ಕರಾವಳಿಯಲ್ಲಿ ದೋಣಿಯ ಹಲಗೆಗೆ ಬೂತಾಯಿ ಮೀನಿನ ಎಣ್ಣೆ ಬಳಿಯುತ್ತಿದ್ದರು. ಹೊನ್ನೆಕಾಯಿಯ ಎಣ್ಣೆ ದೀಪಕ್ಕಾಗುತ್ತಿತ್ತು. ಯಾವ ಕೆಲಸಕ್ಕೆ ಯಾವ ಎಣ್ಣೆ ಎಂಬ ವಿವೇಕ ನಮ್ಮ ಹಿರಿಯರಿಗೆ ಚೆನ್ನಾಗಿಯೇ ತಿಳಿದಿತ್ತು. ಹರಳೆಣ್ಣೆಯ ಜಿಗುಟನ್ನು ಪಶ್ಚಿಮದವರೂ ಮೆಚ್ಚಿದರು. 1909ರಲ್ಲಿ ಇಂಗ್ಲೆಂಡಿನ ಚಾರ್ಲ್ಸ್ ವೇಕ್‌ಫೀಲ್ಡ್ ತನ್ನ ಯಂತ್ರದೆಣ್ಣೆಗೆ 'ಕ್ಯಾಸ್ಟ್ರಾಲ್' ಎಂದು ಹೆಸರಿಟ್ಟದ್ದು ಅದರಲ್ಲಿ ಬೆರೆಸುತ್ತಿದ್ದ ಹರಳೆಣ್ಣೆಯಿಂದಲೇ. ಗಾಡಿಯ ಕೀಲೆಣ್ಣೆಗೂ ಇಂದಿನ ಗೇರೆಣ್ಣೆಗೂ ಕುಲ ಒಂದೇ. ಬದಲಾದದ್ದು ಒಂದು ಸಂಗತಿ ಮಾತ್ರ. ಎಣ್ಣೆ ಬತ್ತಿದ ಗಾಡಿ ಹಾದಿಯುದ್ದಕ್ಕೂ ಕಿರುಗುಟ್ಟಿ ಊರಿಗೇ ಸಾರುತ್ತಿತ್ತು. ಇಂದಿನ ಯಂತ್ರಕ್ಕೆ ಆ ಬಾಯಿ ಇಲ್ಲ.

ಮೊದಲು ಈ ಯಂತ್ರ ನಮ್ಮ ಗದ್ದೆಗೆ ಬಂದ ಬಗೆಯನ್ನು ನೆನೆಯೋಣ. ತುಳುನಾಡಿನ ಬೇಸಾಯ ಕೋಣ ಎತ್ತುಗಳ ಬೇಸಾಯ. ಏಣೆಲು, ಸುಗ್ಗಿ, ಕೊಳಕೆ ಎಂಬ ಮೂರು ಬೆಳೆಗಳ ಹೆಸರಿನೊಂದಿಗೆ ಹಟ್ಟಿಯ ಜಾನುವಾರುಗಳ ನೆನಪೂ ಹೆಣೆದುಕೊಂಡಿದೆ. 1974ರ ಮಾರ್ಚ್ 1ರಂದು ಜಾರಿಗೆ ಬಂದ ಭೂಸುಧಾರಣೆಯ ತಿದ್ದುಪಡಿ ಕಾಯಿದೆ ಗೇಣಿದಾರನನ್ನು ಒಡೆಯನನ್ನಾಗಿಸಿತು. ಒಡೆಯನಾದವನ ಮನೆಯ ಮಕ್ಕಳು ಶಾಲೆಗೆ ಹೋದರು. ಬಳಿಕ ಮುಂಬಯಿಗೆ, ಕೊಲ್ಲಿಯ ದೇಶಗಳಿಗೆ, ಬೆಂಗಳೂರಿಗೆ ಹೋದರು. ನೊಗ ಹಿಡಿಯುವ ಕೈ ಕಡಿಮೆಯಾದಾಗ ಹಟ್ಟಿ ಬರಿದಾಯಿತು. ಆ ಬರಿದಾದ ಹಟ್ಟಿಗೇ ಟಿಲ್ಲರು ಬಂದು ನಿಂತಿತು. ಬೆಂಗಳೂರಿನ ವಿ.ಎಸ್.ಟಿ. ಸಂಸ್ಥೆ ಜಪಾನಿನ ಮಿತ್ಸುಬಿಷಿಯ ಸಹಯೋಗದಿಂದ 1967ರಲ್ಲಿ ಹುಟ್ಟಿತು; ಕೇರಳ ಸರಕಾರದ ಕಾಮ್ಕೊ 1973ರಲ್ಲಿ ಸ್ಥಾಪನೆಯಾಗಿ ಕುಬೋಟಾ ಮಾದರಿಯ ಟಿಲ್ಲರುಗಳನ್ನು ಮಾಡಿತು. ಭತ್ತದ ನಾಡಾದ ಜಪಾನಿನ ಸಣ್ಣ ಗದ್ದೆಗಾಗಿ ರೂಪುಗೊಂಡ ಯಂತ್ರ ನಮ್ಮ ಸಣ್ಣ ಗದ್ದೆಗೂ ಹೊಂದಿಕೊಂಡಿತು. ಅನಂತರ ಬಂದದ್ದು ಚಿಕ್ಕ ಟ್ರ್ಯಾಕ್ಟರು: 20 ಅಶ್ವಶಕ್ತಿಯ ಆಸುಪಾಸಿನದು, ಬೈಲು ಗದ್ದೆಯ ಹುಣಿಗಳ ನಡುವೆ ತಿರುಗಬಲ್ಲದು, ಒಂಬತ್ತು ಅಡಿಗೊಂದರಂತೆ ನೆಟ್ಟ ಅಡಕೆ ಮರಗಳ ಸಾಲಿನಲ್ಲಿ ನುಸುಳಬಲ್ಲದು.

ಕೋಣವನ್ನು ಸಾಕುವುದು ಒಂದು ವಿದ್ಯೆ. ಕಂಬಳದ ಕೋಣಗಳಿಗೆ ಎಣ್ಣೆ ತಿಕ್ಕಿ ಮೀಯಿಸುವುದನ್ನು, ಹುರುಳಿ ಬೇಯಿಸಿ ಹಾಕುವುದನ್ನು ಇಂದಿಗೂ ನೋಡುತ್ತೇವೆ. ಕೋಣ ಮೇವು ಬಿಟ್ಟರೆ ಮನೆಯವರಿಗೆ ಊಟ ಸೇರದು. ಕಾಲು ಎಳೆದರೆ, ಕಣ್ಣಲ್ಲಿ ನೀರು ಬಂದರೆ, ಮಾತು ಬಾರದ ಆ ಪ್ರಾಣಿ ಏನು ಹೇಳುತ್ತಿದೆಯೆಂದು ಎಂಟು ವರ್ಷದ ಹುಡುಗನೂ ಬಲ್ಲ. ಯಂತ್ರ ಬಂದಾಗ ಆ ವಿದ್ಯೆ ಕೈಬಿಟ್ಟಿತು. ಅದರ ಜಾಗಕ್ಕೆ ಹೊಸ ವಿದ್ಯೆ ಅಷ್ಟೇ ಬೇಗ ಬರಲಿಲ್ಲ. ಡೀಸೆಲ್ ಹಾಕಿದರೆ ಓಡುತ್ತದೆ ಎಂಬುದೊಂದೇ ತಿಳಿವಳಿಕೆ ಬಂತು. ಎಂಜಿನಿನ ಎಣ್ಣೆಯನ್ನು ನೋಡುವವರು ಹಲವರಿದ್ದಾರೆ, ಏಕೆಂದರೆ ಎಂಜಿನು ಗದ್ದಲ ಮಾಡುತ್ತದೆ. ಗೇರುಪೆಟ್ಟಿಗೆಯ ಎಣ್ಣೆಯನ್ನು ನೋಡುವವರು ವಿರಳ.

ಆ ಪೆಟ್ಟಿಗೆಯೊಳಗೆ ನಡೆಯುವುದೇನು? ಒಂದು ಸಣ್ಣ ಲೆಕ್ಕದಿಂದ ಇದನ್ನು ಅರಿಯಬಹುದು. ಎಂಜಿನು ಮಿನಿಟಿಗೆ ಸುಮಾರು 2,500 ಸುತ್ತು ತಿರುಗುತ್ತಿದೆಯೆಂದು ಇಟ್ಟುಕೊಳ್ಳಿ. ಟ್ರ್ಯಾಕ್ಟರು ಕೆಸರಿನಲ್ಲಿ ಗಂಟೆಗೆ 3 ಕಿಲೋಮೀಟರಿನಂತೆ, ಅಂದರೆ ಮಿನಿಟಿಗೆ 50 ಮೀಟರಿನಂತೆ ನಡೆಯುತ್ತಿದೆ. ಒಂದು ಮೀಟರ್ ವ್ಯಾಸದ ಅದರ ಹಿಂಚಕ್ರ ಮಿನಿಟಿಗೆ ಹದಿನಾರೇ ಸುತ್ತು ತಿರುಗಿದರೆ ಸಾಕು. ಎರಡೂವರೆ ಸಾವಿರ ಸುತ್ತನ್ನು ಹದಿನಾರಕ್ಕೆ ಇಳಿಸುವುದು ಹಲ್ಲುಚಕ್ರಗಳ ಕೆಲಸ. ಸುತ್ತು ಇಳಿದಷ್ಟೂ ತಿರುಚುವ ಬಲ ಏರುತ್ತದೆ. ಇಲ್ಲಿ ಅದು ನೂರೈವತ್ತು ಪಾಲಿಗಿಂತ ಹೆಚ್ಚು ಏರಬೇಕು. ಕೆಸರಿನ ಎಳೆತ, ನೇಗಿಲಿನ ಭಾರ, ಹುಣಿ ಹತ್ತುವಾಗಿನ ಜಗ್ಗಾಟ ಎಲ್ಲವೂ ಕೊನೆಗೆ ಬಂದು ಕೂರುವುದು ಒಂದು ಹಲ್ಲು ಇನ್ನೊಂದು ಹಲ್ಲನ್ನು ಮುಟ್ಟುವ ಗೆರೆಯಷ್ಟು ಅಗಲದ ಜಾಗದ ಮೇಲೆ. ಉಕ್ಕಿಗೆ ಉಕ್ಕು ನೇರವಾಗಿ ತಾಗಿದರೆ ಅರೆಗಳಿಗೆಯಲ್ಲಿ ಕಿತ್ತುಹೋದೀತು. ನಡುವೆ ನಿಂತು ಅದನ್ನು ತಡೆಯುವುದು ಎಣ್ಣೆಯ ಒಂದು ಪೊರೆ. ಅದರ ದಪ್ಪವಾದರೂ ಎಷ್ಟು? ನಮ್ಮ ತಲೆಗೂದಲಿನ ಐವತ್ತನೆಯ ಒಂದು ಪಾಲೂ ಇರಲಿಕ್ಕಿಲ್ಲ.

ಇಷ್ಟು ತೆಳುವಾದ, ಇಷ್ಟು ಮೆದುವಾದ ದ್ರವ ಅಷ್ಟು ಭಾರವನ್ನು ಹೊರುವುದು ಹೇಗೆ? 1883ರಲ್ಲಿ ಇಂಗ್ಲೆಂಡಿನ ಬೋಷಾಂಪ್ ಟವರ್ ಎಂಬ ಎಂಜಿನಿಯರ್ ರೈಲುಬಂಡಿಯ ಅಚ್ಚಿನ ಬೇರಿಂಗುಗಳನ್ನು ಪರೀಕ್ಷಿಸುತ್ತಿದ್ದ. ಎಣ್ಣೆ ಬಿಡಲೆಂದು ಬೇರಿಂಗಿನ ನೆತ್ತಿಯಲ್ಲಿ ಒಂದು ತೂತು ಕೊರೆದ. ಯಂತ್ರ ತಿರುಗತೊಡಗಿದಾಗ ಎಣ್ಣೆ ಒಳಗಿಳಿಯುವ ಬದಲು ತೂತಿನಿಂದ ಮೇಲಕ್ಕುಕ್ಕಿತು. ಬಿರಡೆ ಜಡಿದ, ಬಿರಡೆ ಹೊರಬಂತು. ಮರದ ಗೂಟ ಹೊಡೆದ. ಅದನ್ನೂ ಎಣ್ಣೆ ತಳ್ಳಿಹಾಕಿತು. ತಿರುಗುವ ಅಚ್ಚು ಎಣ್ಣೆಯನ್ನು ತನ್ನೊಂದಿಗೆ ಇಕ್ಕಟ್ಟಿನ ಜಾಗಕ್ಕೆ ಎಳೆದುಕೊಂಡು ಹೋಗುತ್ತದೆ, ಅಲ್ಲಿ ಸಿಕ್ಕಿಬಿದ್ದ ಎಣ್ಣೆಯ ಒತ್ತಡ ಏರಿ ಅದೇ ಭಾರವನ್ನು ಎತ್ತಿ ಹಿಡಿಯುತ್ತದೆ ಎಂಬುದು ಹೀಗೆ ಬೆಳಕಿಗೆ ಬಂತು. 1886ರಲ್ಲಿ ಆಸ್ಬರ್ನ್ ರೆನಾಲ್ಡ್ಸ್ ಇದಕ್ಕೆ ಗಣಿತದ ರೂಪ ಕೊಟ್ಟ. ನಮಗೆ ಬೇಕಾದ ನೀತಿ ಇಷ್ಟೆ: ಎಣ್ಣೆ ಬರಿಯ ಜಾರಿಕೆಯಲ್ಲ, ಅದೇ ಕಂಬ. ಅದರ ಜಿಗುಟು ತಕ್ಕಷ್ಟಿರಬೇಕು, ಪ್ರಮಾಣ ತಕ್ಕಷ್ಟಿರಬೇಕು, ಅದರಲ್ಲಿ ಬೇರೆ ಏನೂ ಬೆರೆತಿರಬಾರದು. ಈ ಮೂರರಲ್ಲಿ ಒಂದು ತಪ್ಪಿದರೂ ಕಂಬ ಕುಸಿಯುತ್ತದೆ.

ಚಿಕ್ಕ ಟ್ರ್ಯಾಕ್ಟರಿನಲ್ಲಿ ಈ ಎಣ್ಣೆಯ ಹೊಣೆ ಇನ್ನೂ ದೊಡ್ಡದು. ಹಳೆಯ ಯಂತ್ರಗಳಲ್ಲಿ ಗೇರಿಗೊಂದು, ಬ್ರೇಕಿಗೊಂದು, ಭಾರ ಎತ್ತುವ ಹೈಡ್ರಾಲಿಕ್ ತೋಳಿಗೊಂದು ಎಂದು ಏರ್ಪಾಡು ಬೇರೆ ಬೇರೆ ಇರುತ್ತಿತ್ತು. 1946ರಲ್ಲಿ ಬಂದ ಹ್ಯಾರಿ ಫರ್ಗುಸನ್ನನ ಪ್ರಸಿದ್ಧ ಟ್ರ್ಯಾಕ್ಟರಿನಲ್ಲಿ ಗೇರಿನ ಎಣ್ಣೆಯೇ ನೇಗಿಲನ್ನೆತ್ತುವ ಕೆಲಸವನ್ನೂ ಮಾಡಿತು. ಇಂದಿನ ಹಲವು ಚಿಕ್ಕ ಟ್ರ್ಯಾಕ್ಟರುಗಳಲ್ಲಿ ಒಂದೇ ಎಣ್ಣೆ ಹಲ್ಲುಚಕ್ರಗಳನ್ನು ನಯಗೊಳಿಸುತ್ತದೆ, ಹೈಡ್ರಾಲಿಕ್ ಪಂಪಿನ ಮೂಲಕ ಹಿಂದಿನ ಸಲಕರಣೆಯನ್ನು ಎತ್ತುತ್ತದೆ, ಎಣ್ಣೆಯಲ್ಲಿ ಮುಳುಗಿರುವ ಬ್ರೇಕಿನ ತಟ್ಟೆಗಳನ್ನು ತಂಪಾಗಿಡುತ್ತದೆ, ತಿಕ್ಕಾಟದ ಬಿಸಿಯನ್ನು ಹೊರಗೋಡೆಗೆ ಮುಟ್ಟಿಸುತ್ತದೆ, ಸವೆದ ಉಕ್ಕಿನ ಪುಡಿಯನ್ನು ಸೋಸುಗೆ ಕೊಂಡೊಯ್ಯುತ್ತದೆ. ಜಪಾನ್ ಅಮೆರಿಕಗಳಲ್ಲಿ ಬಳಕೆಯಲ್ಲಿರುವ ಕೆಲವು ಮಾದರಿಗಳಲ್ಲಂತೂ ಗೇರಿನ ಹಲ್ಲುಗಳ ಬದಲು ಒತ್ತಡದ ಎಣ್ಣೆಯೇ ಎಂಜಿನಿನ ಶಕ್ತಿಯನ್ನು ಚಕ್ರದ ಕಡೆಗೆ ಒಯ್ಯುತ್ತದೆ. ಕೂಡುಕುಟುಂಬದ ಹಿರಿಯ ಸೊಸೆಯ ಹಾಗೆ ಎಲ್ಲ ಕೆಲಸವೂ ಒಬ್ಬಳ ಮೇಲೆ. ಅವಳು ಮಲಗಿದರೆ ಮನೆಯೇ ಮಲಗಿತು.

ಈಗ ನಮ್ಮ ನಾಡಿನ ವಿಶೇಷಕ್ಕೆ ಬರುತ್ತೇನೆ. ಬಯಲುಸೀಮೆಯಲ್ಲಿ ಗೇರುಪೆಟ್ಟಿಗೆಯ ಮುಖ್ಯ ಶತ್ರು ಧೂಳು, ನಮ್ಮಲ್ಲಿ ನೀರು. ವರ್ಷಕ್ಕೆ ಮೂರೂವರೆ ಸಾವಿರ ಮಿಲಿಮೀಟರಿನಷ್ಟು ಮಳೆ ಸುರಿಯುವ ಊರು ಮಂಗಳೂರು. ಅದರ ಹೆಚ್ಚಿನ ಪಾಲು ಬೀಳುವುದು ನೇಜಿ ನೆಡುವ, ಯಂತ್ರ ಹಗಲೆಲ್ಲ ಕೆಸರಿನಲ್ಲಿ ಮುಳುಗಿರುವ ತಿಂಗಳುಗಳಲ್ಲೇ. ಅಚ್ಚು ಹೊರಬರುವ ಕಡೆ ರಬ್ಬರಿನ ಸೀಲುಗಳಿವೆ, ನಿಜ. ಆದರೆ ಕೆಸರಿನ ಮರಳು ಸೀಲನ್ನು ಸವೆಸುತ್ತದೆ; ಅಚ್ಚಿಗೆ ಸುತ್ತಿಕೊಂಡ ಹುಲ್ಲು, ಹಗ್ಗದ ನಾರು ಅದನ್ನು ಕೊಯ್ಯುತ್ತದೆ.

ಇದಕ್ಕಿಂತ ಸೂಕ್ಷ್ಮವಾದ ದಾರಿ ಇನ್ನೊಂದು ಉಂಟು. ದುಡಿದು ಬಂದ ಗೇರುಪೆಟ್ಟಿಗೆ ಬಿಸಿಯಾಗಿರುತ್ತದೆ. ಸಂಜೆ ಅದನ್ನು ತೋಡಿಗೆ ಇಳಿಸಿ ತೊಳೆಯುವುದು ಹಲವರ ವಾಡಿಕೆ. ಕೋಣ ಮೀಯಿಸಿದ ಅಭ್ಯಾಸ ಕೈಗೆ ಇನ್ನೂ ಇದೆ. ಎಪ್ಪತ್ತು ಡಿಗ್ರಿಯ ಪೆಟ್ಟಿಗೆ ಒಮ್ಮೆಲೆ ಇಪ್ಪತ್ತೆಂಟು ಡಿಗ್ರಿಗೆ ಇಳಿದರೆ ಒಳಗಿನ ಗಾಳಿ ನೂರಕ್ಕೆ ಹನ್ನೆರಡು ಪಾಲು ಕುಗ್ಗುತ್ತದೆ. ಕುಗ್ಗಿದ ಗಾಳಿಯ ಜಾಗಕ್ಕೆ ಹೊರಗಿನಿಂದ ಏನಾದರೂ ಬರಬೇಕಷ್ಟೆ. ಪೆಟ್ಟಿಗೆ ನೀರಿನಲ್ಲಿದ್ದರೆ ಉಸಿರುರಂಧ್ರದಿಂದ, ಸವೆದ ಸೀಲಿನ ಅಂಚಿನಿಂದ ನೀರೇ ಒಳಕ್ಕೆ ಸೇದಿಕೊಳ್ಳುತ್ತದೆ. ನೀರಿಗಿಳಿಸದಿದ್ದರೂ ಆಷಾಢದ ರಾತ್ರಿಯ ತೇವದ ಗಾಳಿ ಒಳಹೊಕ್ಕು ಗೋಡೆಯ ಮೇಲೆ ಹನಿಯಾಗುತ್ತದೆ. ಯಂತ್ರ ತಣಿದ ಮೇಲೆ ತೊಳೆಯಬೇಕು, ಉಸಿರುರಂಧ್ರದ ಕಡೆಗೆ ನೀರು ಚಿಮ್ಮಿಸಬಾರದು, ರಾತ್ರಿ ಮಾಡಿನ ಕೆಳಗೆ ನಿಲ್ಲಿಸಬೇಕು. ಈ ಮೂರು ನಿಯಮಗಳಿಗೆ ಖರ್ಚು ಏನೂ ಇಲ್ಲ.

ಇನ್ನು ಪರೀಕ್ಷೆಯ ವಿಧಾನ. ಯಂತ್ರವನ್ನು ಸಮತಟ್ಟಾದ ನೆಲದಲ್ಲಿ ನಿಲ್ಲಿಸಬೇಕು. ಮಜಲಿನ ಇಳಿಜಾರಿನಲ್ಲಿ ನಿಂತ ಟ್ರ್ಯಾಕ್ಟರಿನ ಎಣ್ಣೆ ಒಂದು ಬದಿಗೆ ಸರಿದು ಸುಳ್ಳು ಲೆಕ್ಕ ಕೊಡುತ್ತದೆ. ಹಿಂದಿನ ಸಲಕರಣೆಯನ್ನು ನೆಲಕ್ಕಿಳಿಸಬೇಕು; ಅದು ಮೇಲೆದ್ದಿದ್ದರೆ ಒಂದಷ್ಟು ಎಣ್ಣೆ ಹೈಡ್ರಾಲಿಕ್ ಕೊಳವೆಯಲ್ಲೇ ಉಳಿದಿರುತ್ತದೆ. ಎಂಜಿನನ್ನು ನಿಲ್ಲಿಸಿ, ಬ್ರೇಕು ಬಿಗಿದು, ಎಣ್ಣೆ ತಳಕ್ಕೆ ಇಳಿಯುವ ತನಕ ಕಾಯಬೇಕು. ಬೆಳಗ್ಗೆ ಕೆಲಸಕ್ಕೆ ಹೊರಡುವ ಮುನ್ನ ನೋಡುವುದು ಎಲ್ಲಕ್ಕಿಂತ ಸುಲಭ. ಅಳತೆಕಡ್ಡಿಯ ಸುತ್ತಲಿನ ಮಣ್ಣನ್ನು ಮೊದಲು ಒರೆಸಿ ಅನಂತರ ಕಡ್ಡಿಯನ್ನು ತೆಗೆಯಬೇಕು. ಈ ಕ್ರಮ ಹಿಂದುಮುಂದಾದರೆ ಎಣ್ಣೆ ನೋಡಲು ಹೋಗಿ ಎಣ್ಣೆಗೆ ಮಣ್ಣು ಹಾಕಿದಂತಾಗುತ್ತದೆ. ಕಡ್ಡಿಯನ್ನು ನೂಲು ಬಿಡದ ಬಟ್ಟೆಯಿಂದ ಒರೆಸಿ, ಮತ್ತೆ ಅದ್ದಿ, ಹೊರತೆಗೆದು ನೋಡಿದರೆ ಎರಡು ಗುರುತುಗಳ ನಡುವೆ ಎಣ್ಣೆಯ ಗೆರೆ ಇರಬೇಕು. ಕಡ್ಡಿಯನ್ನು ತಿರುಪಿ ಕೂರಿಸಿ ನೋಡಬೇಕೆ, ಸುಮ್ಮನೆ ಅದ್ದಿ ನೋಡಬೇಕೆ ಎಂಬುದು ಯಂತ್ರದಿಂದ ಯಂತ್ರಕ್ಕೆ ಬೇರೆ; ಜೊತೆಗೆ ಬಂದ ಕೈಪಿಡಿಯೇ ಇಲ್ಲಿ ಪ್ರಮಾಣ. ಕೆಲವು ಯಂತ್ರಗಳಲ್ಲಿ ಕಡ್ಡಿಯ ಬದಲು ಗಾಜಿನ ಕಿಂಡಿ, ಇಲ್ಲವೇ ಬದಿಯಲ್ಲಿ ಒಂದು ತಿರುಪುಮೊಳೆ ಇರುತ್ತದೆ. ಮೊಳೆ ಬಿಚ್ಚಿದಾಗ ತೂತಿನ ಅಂಚಿಗೆ ಎಣ್ಣೆ ನಿಂತಿದ್ದರೆ ಸರಿ.

ಕಡಿಮೆಯಾಗಿದ್ದರೆ ತುಂಬಬೇಕೆಂಬುದು ಎಲ್ಲರಿಗೂ ಹೊಳೆಯುತ್ತದೆ. ಹೆಚ್ಚಾಗಬಾರದೆಂಬುದು ಹೊಳೆಯುವುದಿಲ್ಲ. ಮೇಲಿನ ಗುರುತು ದಾಟಿದ ಎಣ್ಣೆಯನ್ನು ಹಲ್ಲುಚಕ್ರಗಳು ಮಜ್ಜಿಗೆಯಂತೆ ಕಡೆಯುತ್ತವೆ. ನೊರೆಯೇಳುತ್ತದೆ, ಬಿಸಿಯೇರುತ್ತದೆ, ಒತ್ತಡ ಸೀಲನ್ನು ತಳ್ಳುತ್ತದೆ. ನೊರೆಯಲ್ಲಿರುವುದು ಗಾಳಿ, ಗಾಳಿ ಭಾರ ಹೊರಲಾರದು, ನೇಗಿಲನ್ನು ಎತ್ತಲಾರದು. ಹಾಗೆಯೇ ಎಣ್ಣೆ ಪದೇ ಪದೇ ಕಡಿಮೆಯಾಗುತ್ತಿದ್ದರೆ ಪದೇ ಪದೇ ತುಂಬುವುದು ಪರಿಹಾರವಲ್ಲ. ಎಂಜಿನಿನಲ್ಲಿ ಎಣ್ಣೆ ಅಷ್ಟಿಷ್ಟು ಉರಿದುಹೋಗುವುದುಂಟು. ಗೇರುಪೆಟ್ಟಿಗೆಯಲ್ಲಿ ಉರಿಯುವ ಬೆಂಕಿಯೇ ಇಲ್ಲ. ಅಲ್ಲಿ ಕಡಿಮೆಯಾದದ್ದು ಸೋರಿಯೇ ಹೋಗಿರಬೇಕು. ಎಣ್ಣೆ ಹೊರಗೆ ಬರುವ ದಾರಿಯಿಂದ ನೀರು ಒಳಗೆ ಬರುತ್ತದೆಂದು ತಿಳಿಯಬೇಕು.

ಪ್ರಮಾಣದಷ್ಟೇ ಮುಖ್ಯವಾದದ್ದು ಬಣ್ಣ ಮತ್ತು ವಾಸನೆ. ನಾಡಿ ನೋಡುವ ಪಂಡಿತರ ಹಾಗೆ ಇದನ್ನು ಓದಲು ಕಲಿಯಬಹುದು. ಹೊಸ ಎಣ್ಣೆ ಜೇನಿನಂತೆ ತಿಳಿಯಾಗಿರುತ್ತದೆ. ದುಡಿದಂತೆ ಕಪ್ಪೇರುವುದು ಸಹಜ. ಕಪ್ಪಿನೊಂದಿಗೆ ಸುಟ್ಟ ವಾಸನೆ ಸೇರಿದರೆ ಎಣ್ಣೆ ಅತಿಯಾಗಿ ಕಾದಿದೆಯೆಂದು ಅರ್ಥ. ಹಾಲು ಬೆರೆತ ಚಹದ ಬಣ್ಣ ಬಂದಿದ್ದರೆ ನೀರು ಸೇರಿದೆ, ಸಂಶಯ ಬೇಡ. ಸಂಶಯ ಉಳಿದವರಿಗೆ ಒಂದು ಹಳೆಯ ಪರೀಕ್ಷೆಯುಂಟು: ಕಾದ ಕಬ್ಬಿಣದ ತಗಡಿನ ಮೇಲೆ, ಮುಖವನ್ನು ದೂರ ಹಿಡಿದು, ಒಂದೇ ಒಂದು ಹನಿ ಬಿಡಬೇಕು. ಸಾಸಿವೆ ಸಿಡಿದಂತೆ ಚಟಪಟ ಎಂದರೆ ಅದರಲ್ಲಿ ನೀರಿದೆ. ಎಣ್ಣೆ ಬಸಿಯುವ ಬಿರಡೆಗೆ ಎಷ್ಟೋ ಯಂತ್ರಗಳಲ್ಲಿ ಒಂದು ಅಯಸ್ಕಾಂತ ಇರುತ್ತದೆ. ಅದಕ್ಕೆ ಅಂಟಿದ ನುಣ್ಣನೆಯ ಬೂದು ಕೆಸರು ಸವೆತದ ಕುರುಹು, ಭಯಪಡಬೇಕಿಲ್ಲ. ಬೆರಳಿಗೆ ತಾಗುವ ಚೂರು, ಸೂಜಿಯಂಥ ಸಿಬಿರು ಕಂಡರೆ ಒಳಗೆ ಹಲ್ಲೋ ಬೇರಿಂಗೋ ಒಡೆಯತೊಡಗಿದೆ. ಆ ದಿನವೇ ಯಂತ್ರವನ್ನು ನಿಲ್ಲಿಸಿ ಬಲ್ಲವರಿಗೆ ತೋರಿಸಬೇಕು. ಇನ್ನೊಂದು ಗದ್ದೆ ಮುಗಿಸಿಬಿಡೋಣವೆಂಬ ಆಸೆ ಪೆಟ್ಟಿಗೆಯನ್ನೇ ಮುಗಿಸೀತು.

ಯಾವ ಎಣ್ಣೆ ಹಾಕಬೇಕು? ಇಲ್ಲಿ ನಮ್ಮವರ ಉದಾರತೆ ಸ್ವಲ್ಪ ಹೆಚ್ಚು. ಡಬ್ಬಿಯಲ್ಲಿ ಉಳಿದದ್ದು, ಲಾರಿಗೆ ತಂದದ್ದು, ಅಂಗಡಿಯಲ್ಲಿ ಕಡಿಮೆಗೆ ಸಿಕ್ಕಿದ್ದು ಎಲ್ಲವೂ 'ಗೇರಾಯಿಲು' ಎಂಬ ಒಂದೇ ಹೆಸರಿನಲ್ಲಿ ಸುರಿಯಲ್ಪಡುತ್ತವೆ. ಡಬ್ಬಿಯ ಮೇಲಿನ ಎಸ್.ಎ.ಇ. 80, 90 ಮೊದಲಾದ ಅಂಕಗಳು ಜಿಗುಟಿನ ಅಳತೆ. ಅದರ ಪಕ್ಕದ ಜಿ.ಎಲ್. 4, ಜಿ.ಎಲ್. 5 ಎಂಬುವು ಎಣ್ಣೆಯಲ್ಲಿ ಬೆರೆಸಿದ ಮದ್ದಿನ ಗುಣವನ್ನು ಹೇಳುತ್ತವೆ. ವಿಪರೀತ ಒತ್ತಡ ತಾಳಲೆಂದು ಗಂಧಕ, ರಂಜಕಗಳ ಸಂಯುಕ್ತಗಳನ್ನು ಸೇರಿಸಿರುತ್ತಾರೆ. ಐದನೆಯ ದರ್ಜೆಯಲ್ಲಿ ಅವು ಹೆಚ್ಚು. ಹೆಚ್ಚಿನ ಅಂಕ ಹೆಚ್ಚು ಒಳ್ಳೆಯದೆಂದು ಭ್ರಮಿಸಬಾರದು. ಉಕ್ಕನ್ನು ಕಾಯುವ ಆ ಮದ್ದೇ ಹಿತ್ತಾಳೆ ಕಂಚಿನ ಭಾಗಗಳನ್ನು ತಿನ್ನಬಲ್ಲದು. ಹಾಗೆಯೇ ಬ್ರೇಕು ಎಣ್ಣೆಯಲ್ಲಿ ಮುಳುಗಿರುವ ಟ್ರ್ಯಾಕ್ಟರಿಗೆ ಅದಕ್ಕೆಂದೇ ಮಾಡಿದ, ಗೇರು ಬ್ರೇಕು ಹೈಡ್ರಾಲಿಕ್ ಮೂರಕ್ಕೂ ಒಗ್ಗುವ ಎಣ್ಣೆ ಬೇಕು. ಬೇರೆಯದನ್ನು ಹಾಕಿದರೆ ಬ್ರೇಕು ಅದುರುತ್ತದೆ, ಇಲ್ಲವೇ ಜಾರುತ್ತದೆ. ಇಳಿಜಾರಿನ ತೋಟದಲ್ಲಿ ಜಾರುವ ಬ್ರೇಕು ಹಣದ ನಷ್ಟದಲ್ಲಿ ಮುಗಿಯದೆ ಪ್ರಾಣಕ್ಕೂ ಸಂಚಕಾರ ತಂದೀತು. ಕೈಪಿಡಿಯಲ್ಲಿ ಬರೆದ ಎಣ್ಣೆಯೇ ಆ ಯಂತ್ರದ ಪಥ್ಯ.

ಪಥ್ಯಕ್ಕೂ ಅವಧಿಯಿದೆ. ಹೊಸ ಯಂತ್ರದ ಹಲ್ಲುಗಳು ಒಂದಕ್ಕೊಂದು ಹೊಂದಿಕೊಳ್ಳುವಾಗ ಮೊದಮೊದಲು ಹೆಚ್ಚು ಪುಡಿ ಉದುರುತ್ತದೆ. ಆದ್ದರಿಂದ ಮೊದಲ ಎಣ್ಣೆಯನ್ನು ಬೇಗನೆ, ಹಲವು ಮಾದರಿಗಳಲ್ಲಿ 50 ಗಂಟೆಯ ದುಡಿಮೆ ಮುಗಿಯುವಷ್ಟರಲ್ಲಿ, ಬದಲಿಸಲು ಹೇಳಿರುತ್ತಾರೆ. ಅನಂತರದ ಅವಧಿ ನೂರಾರು ಗಂಟೆಗಳದು. ಆದರೆ ವರ್ಷಕ್ಕೊಮ್ಮೆ ಮಳೆಗಾಲದಲ್ಲಿ ಮಾತ್ರ ಕೆಸರಿಗಿಳಿಯುವ ನಮ್ಮ ಯಂತ್ರಕ್ಕೆ ಗಂಟೆಯ ಲೆಕ್ಕವೊಂದೇ ಸಾಲದು. ಏಣೆಲು ನಾಟಿ ಮುಗಿದ ಮೇಲೆ ಎಣ್ಣೆಯನ್ನು ಒಮ್ಮೆ ನೋಡಿ, ನೀರು ಸೇರಿದ್ದರೆ ಗಂಟೆ ತುಂಬಲಿಲ್ಲವೆಂದು ಕಾಯದೆ ಬದಲಿಸುವುದು ಜಾಣತನ. ನೀರು ಕೂಡಿದ ಎಣ್ಣೆಯನ್ನು ಪೆಟ್ಟಿಗೆಯಲ್ಲಿಟ್ಟು ಎಂಟು ತಿಂಗಳು ಮೂಲೆಗೆ ನಿಲ್ಲಿಸಿದರೆ ಬೇರಿಂಗಿನ ಗುಂಡುಗಳಿಗೆ ತುಕ್ಕು ಹಿಡಿದಿರುತ್ತದೆ. ಬಸಿಯುವಾಗ ಎಣ್ಣೆ ಬೆಚ್ಚಗಿರಬೇಕು. ಬೆಚ್ಚಗಿನ ಎಣ್ಣೆ ಪುಡಿಯನ್ನೂ ಹೊತ್ತುಕೊಂಡು ಸರಾಗವಾಗಿ ಇಳಿಯುತ್ತದೆ. ಸೋಸು ಇರುವ ಯಂತ್ರದಲ್ಲಿ ಅದನ್ನೂ ಕೈಪಿಡಿ ಹೇಳಿದಂತೆ ಬದಲಿಸಬೇಕು. ಹೊಸ ಎಣ್ಣೆ ಹಾಕಿದ ಮೇಲೆ ಯಂತ್ರವನ್ನು ಕೆಲವು ಮಿನಿಟು ಓಡಿಸಿ, ನಿಲ್ಲಿಸಿ, ಮತ್ತೆ ಅಳತೆ ನೋಡಬೇಕು.

ಬಸಿದ ಎಣ್ಣೆಯನ್ನು ಏನು ಮಾಡುವುದು? ತೋಡಿಗೆ ಚೆಲ್ಲುವವರಿದ್ದಾರೆ, ಗೆದ್ದಲು ಬಾರದಿರಲೆಂದು ಬೇಲಿಯ ಗೂಟಕ್ಕೆ ಬಳಿಯುವವರಿದ್ದಾರೆ, ತೆಂಗಿನ ಬುಡಕ್ಕೆ ಸುರಿಯುವವರೂ ಇದ್ದಾರೆ. ನಮ್ಮ ನೆಲ ಮುರಕಲ್ಲಿನ ನೆಲ. ಜೇನುಗೂಡಿನ ಹಾಗೆ ತೂತುಗಳಿರುವ ಕಲ್ಲು. ಮೇಲೆ ಚೆಲ್ಲಿದ್ದು ಬಾವಿಗೆ ಇಳಿಯಲು ಬಹಳ ದಿನ ಬೇಡ. ಮನೆಗೊಂದು ಬಾವಿಯಿರುವ ನಾಡಿನಲ್ಲಿ ತನ್ನ ಅಂಗಳಕ್ಕೆ ಎಣ್ಣೆ ಸುರಿಯುವವನು ನೆರೆಮನೆಯ ಕೊಡಕ್ಕೆ ಸುರಿದಂತೆಯೇ. ತೋಡಿಗೆ ಚೆಲ್ಲಿದ್ದು ಫಲ್ಗುಣಿಯನ್ನೋ ನೇತ್ರಾವತಿಯನ್ನೋ ಸೇರುತ್ತದೆ. 2016ರ ಅಪಾಯಕಾರಿ ತ್ಯಾಜ್ಯ ನಿಯಮಗಳ ಪ್ರಕಾರ ಬಳಸಿದ ಎಣ್ಣೆ ಸೇರಬೇಕಾದುದು ಅದನ್ನು ಮತ್ತೆ ಶುದ್ಧಿಮಾಡುವ ಪರವಾನಗಿ ಪಡೆದವರ ಕೈಗೆ. ಮುಚ್ಚಳವಿರುವ ಡಬ್ಬಿಯಲ್ಲಿ ತುಂಬಿಸಿಟ್ಟು, ಅಂಥವರಿಗೆ ಎಣ್ಣೆ ಒಪ್ಪಿಸುವ ವರ್ಕ್‌ಶಾಪಿಗೆ ಕೊಡುವುದೊಂದೇ ಸರಿಯಾದ ಹಾದಿ.

ನಮಗೇಕೆ ಎಂಬ ಆರಂಭದ ಪ್ರಶ್ನೆಗೆ ಈಗ ಬರೋಣ. ಹಿಂದೆ ಹಡಗುಗಳಲ್ಲಿ, ರೈಲ್ವೆಯಲ್ಲಿ, ದೊಡ್ಡ ಕಾರ್ಖಾನೆಗಳಲ್ಲಿ ಎಣ್ಣೆ ಬಿಡುವುದಕ್ಕೆಂದೇ ಒಬ್ಬ ಆಳು ಇರುತ್ತಿದ್ದ. ಉದ್ದ ಮೂತಿಯ ಎಣ್ಣೆಗಿಂಡಿ ಹಿಡಿದು ಕೀಲಿನಿಂದ ಕೀಲಿಗೆ ನಡೆಯುವುದೇ ಅವನ ಸೇವೆ. ಯಂತ್ರಗಳು ಎಣ್ಣೆಯನ್ನು ತಮ್ಮ ಹೊಟ್ಟೆಯೊಳಗೇ ಇಟ್ಟುಕೊಂಡ ಮೇಲೆ ಬಹುಕಡೆ ಆ ಆಳು ಇಲ್ಲವಾದ. ಆಳು ಹೋದರೂ ಅವನ ಕರ್ತವ್ಯ ಹೋಗಲಿಲ್ಲ. ಅದು ಯಾರ ಹೆಸರಿಗೂ ಬರೆಯದ ಆಸ್ತಿಯಂತೆ ಬಿದ್ದುಕೊಂಡಿದೆ. ರಾಜ್ಯದಲ್ಲಿ ಕೃಷಿ ಯಂತ್ರಧಾರೆಯ ಬಾಡಿಗೆ ಕೇಂದ್ರಗಳು ಬಂದದ್ದರಿಂದ ಸಾಲ ಮಾಡಿ ಯಂತ್ರ ಕೊಳ್ಳಲಾರದ ಸಣ್ಣ ಹಿಡುವಳಿದಾರನಿಗೆ ಉಪಕಾರವಾಗಿದೆ. ಆದರೆ ಬಾಡಿಗೆಯ ಯಂತ್ರಕ್ಕೆ ಹತ್ತು ಮಂದಿ ಚಾಲಕರು, ನೂರು ಮಂದಿ ಗದ್ದೆಯವರು. ಪ್ರತಿಯೊಬ್ಬನೂ ಕಡ್ಡಿಯನ್ನು ಇನ್ನೊಬ್ಬ ನೋಡಿರುತ್ತಾನೆಂದು ನಂಬಿರುತ್ತಾನೆ. ಎರವಲು ತಂದ ಎತ್ತಿಗೆ ಹೊಟ್ಟೆ ತುಂಬ ಹುಲ್ಲು ಹಾಕಿಯೇ ಹಿಂದೆ ಕಳುಹಿಸಬೇಕೆಂಬ ಮರ್ಯಾದೆ ನಮ್ಮಲ್ಲಿತ್ತು. ಆ ಮರ್ಯಾದೆ ಯಂತ್ರಕ್ಕೂ ಸಲ್ಲಬೇಕು.

ಸ್ವಂತ ಯಂತ್ರದ ಕಥೆಯೂ ಬೇರೆಯಲ್ಲ. ಮಂಗಳೂರಿನಲ್ಲಿ ವಾಸಿಸುವ ನಮ್ಮಲ್ಲಿ ಎಷ್ಟೋ ಮಂದಿಗೆ ಬಂಟ್ವಾಳದಲ್ಲಿ, ಬೆಳ್ತಂಗಡಿಯಲ್ಲಿ, ಮೂಲ್ಕಿಯ ಕಡೆ ಒಂದಿಷ್ಟು ಗದ್ದೆ ತೋಟ ಉಂಟು. ಯಂತ್ರ ತೆಗೆಸಿಕೊಟ್ಟವರು ನಾವು; ಓಡಿಸುವವರು ಅಲ್ಲಿಯ ವಯಸ್ಸಾದ ದೊಡ್ಡಪ್ಪನೋ ದಿನಗೂಲಿಯ ಹುಡುಗನೋ. ಅದರ ಕೈಪಿಡಿ ಎಷ್ಟೋ ಕಡೆ ಇಂಗ್ಲಿಷಿನಲ್ಲಿದ್ದು, ಬಿಚ್ಚದ ಪ್ಲಾಸ್ಟಿಕ್ ಚೀಲದಲ್ಲಿ ಮಾಡಿನ ಅಡ್ಡಕ್ಕೆ ನೇತುಬಿದ್ದಿರುತ್ತದೆ. ಕಾವ್ಯಕ್ಕೆ ಟೀಕೆ ಬರೆಯುವ ಕೈಗಳು ನಮ್ಮ ಪಟ್ಟಣದಲ್ಲಿ ಬಹಳ ಇವೆ. ಆ ಕೈಪಿಡಿಯ ಎರಡು ಪುಟವನ್ನು ಕನ್ನಡದಲ್ಲಿ ಬರೆದು, ಎಣ್ಣೆಯ ಹೆಸರು, ಅಳತೆ, ಬದಲಿಸಬೇಕಾದ ಗಂಟೆ ಇವನ್ನು ದಪ್ಪಕ್ಷರದಲ್ಲಿ ಹಟ್ಟಿಯ ಗೋಡೆಗೆ ಅಂಟಿಸಿಬಂದರೆ ಅದೂ ಒಂದು ಸಾಹಿತ್ಯ ಸೇವೆಯೇ ಎಂದು ನಾನು ತಿಳಿಯುತ್ತೇನೆ. ವಿವರ ತಿಳಿಯಬೇಕಾದವರಿಗೆ ನಗರದ ಕಂಕನಾಡಿಯಲ್ಲೇ ಕೃಷಿ ವಿಜ್ಞಾನ ಕೇಂದ್ರ ಉಂಟು.

ಇಷ್ಟು ಚಿಕ್ಕ ಸಂಗತಿಗೆ ಇಷ್ಟು ಮಾತೇ ಎಂದು ಕೇಳಬಹುದು. ನಾಟಿಯ ಕಾಲ ನಮ್ಮಲ್ಲಿ ಕೆಲವೇ ವಾರಗಳದು. ನೇಜಿಗೆ ವಯಸ್ಸಾಗುತ್ತದೆ, ಅದು ಯಾರಿಗೂ ಕಾಯುವುದಿಲ್ಲ. ಆ ನಡುವೆ ಗೇರುಪೆಟ್ಟಿಗೆ ಮುರಿದರೆ ಬಿಡಿಭಾಗ ಬಂದು, ಮೆಕ್ಯಾನಿಕ್ ಬಂದು, ಯಂತ್ರ ಎದ್ದು ನಿಲ್ಲುವಷ್ಟರಲ್ಲಿ ಮಳೆ ಅರ್ಧ ಸರಿದಿರುತ್ತದೆ. ಒಂದು ವರ್ಷ ನೆಡದ ಗದ್ದೆಯಲ್ಲಿ ಕಳೆ ಬೆಳೆಯುತ್ತದೆ. ಎರಡನೆಯ ವರ್ಷ ಹುಣಿ ಕುಸಿಯುತ್ತದೆ. ಮೂರನೆಯ ವರ್ಷ ಅದಕ್ಕೆ ಹಡಿಲು ಎಂದು ಹೆಸರಾಗುತ್ತದೆ. ಕರಾವಳಿಯ ಬೈಲುಗಳಲ್ಲಿ ಹಡಿಲು ಬಿದ್ದ ಗದ್ದೆಗಳಿಗೆ ಕೊರತೆಯಿಲ್ಲ. ಅವನ್ನು ಮತ್ತೆ ಉಳುವ ದೊಡ್ಡದೊಂದು ಪ್ರಯತ್ನ 2021ರಲ್ಲಿ ಉಡುಪಿಯಲ್ಲಿ ನಡೆದಾಗ ನೂರಾರು ಮಂದಿ ಕೆಸರಿಗಿಳಿದರು. ಅವರಿಗಿಂತ ಮುಂದಾಗಿ ಇಳಿದದ್ದು ಯಂತ್ರಗಳು. ಗದ್ದೆ ಹಡಿಲಾಗಲು ಕಾರಣಗಳು ಹಲವು: ಕೂಲಿಯವರಿಲ್ಲ, ಬೆಲೆಯಿಲ್ಲ, ಮಕ್ಕಳು ಊರಲ್ಲಿಲ್ಲ. ಅವುಗಳಲ್ಲಿ ಹೆಚ್ಚಿನವು ನಮ್ಮ ಕೈಮೀರಿದವು. ಎಣ್ಣೆ ನೋಡದೆ ಯಂತ್ರ ಕೆಟ್ಟಿತೆಂಬ ಕಾರಣವೊಂದು ಮಾತ್ರ ಪೂರ್ತಿ ನಮ್ಮ ಕೈಯೊಳಗಿನದು.

ಮುಂದಿನ ಸಲ ಊರಿಗೆ ಹೋದಾಗ ಹಟ್ಟಿಯ ಕಡೆಗೊಮ್ಮೆ ನಡೆಯಿರಿ. ಯಂತ್ರ ನಿಂತ ಜಾಗದ ಕೆಳಗೆ ಎಣ್ಣೆಯ ಕಲೆ ಇದೆಯೇ ನೋಡಿ. ಮಣ್ಣೊರೆಸಿ ಕಡ್ಡಿಯನ್ನು ತೆಗೆದು ಬೆಳಕಿಗೆ ಹಿಡಿಯಿರಿ. ಅಂಗೈಯಗಲದ ಬಟ್ಟೆ ಮತ್ತು ಐದು ಮಿನಿಟಿನ ಹೊತ್ತು ಇದಕ್ಕೆ ಸಾಕು.